ಎದುರು ಫ್ಲ್ಯಾಟಿನ ಮಂದ್ರ ದನಿ

ಹೋದ ವಾರ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ನಮ್ಮ ಟವರಿನ ಕೆಳಗಿರುವ ಸೂಪರ್‌ಮಾರ್ಕೆಟ್ಟಿನಲ್ಲಿ ಮಗಳ ಕೆಮ್ಮಿಗೆಂದು ಜೇಷ್ಠಮಧು ಕೊಂಡೆ. ಲಿಫ್ಟಿನಲ್ಲೇ ಪೊಟ್ಟಣ ಬಿಚ್ಚಿ ಮೂಸಿದೆ. ಆ ಸಿಹಿಮಣ್ಣಿನಂಥ ವಾಸನೆಯ ಹಿಂದೆಯೇ ನಾವು ಮೊದಲಿದ್ದ ಎಲೆಕ್ಟ್ರಾ ಸ್ಟ್ರೀಟಿನ ಹಳೆಯ ಕಟ್ಟಡ, ಅದರ ಇಕ್ಕಟ್ಟಾದ ಕಾರಿಡಾರು, ಎದುರು ಫ್ಲ್ಯಾಟಿನ ಅಂಕಲ್... ಎಲ್ಲ ಬಂದು ನಿಂತವು.

ಮದುವೆಯಾಗಿ ಮೈಸೂರಿನಿಂದ ಅಬುಧಾಬಿಗೆ ಬಂದ ಹೊಸದರಲ್ಲಿ ನನಗೆ ಕನ್ನಡ ಮಾತಾಡಲು ಸಿಕ್ಕವರು ಅವರು ಮತ್ತು ಆಂಟಿ ಇಬ್ಬರೇ. ಉಡುಪಿ ಕಡೆಯ ಕ್ರೈಸ್ತರು. ಅಂಕಲ್ ಕಾಂಟ್ರ್ಯಾಕ್ಟಿಂಗ್ ಕಂಪನಿಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಚರ್ಚಿನಲ್ಲಿ ಮೂವರು ಗೆಳೆಯರ ಜೊತೆ ಹಾಡುತ್ತಿದ್ದರು. ನಾಲ್ಕು ದನಿಗಳಲ್ಲಿ ಎಲ್ಲಕ್ಕಿಂತ ಕೆಳಗಿನದು, ಬೇಸ್, ಅವರದು. ಹಾಡುವ ಮೊದಲು ಜೇಷ್ಠಮಧುವಿನ ಚೂರೊಂದನ್ನು ದವಡೆಗೆ ಇಟ್ಟುಕೊಳ್ಳುತ್ತಿದ್ದರು.

ಅವರ ಹುಚ್ಚೆಂದರೆ ಅಮೆರಿಕದ ದಕ್ಷಿಣದ ಕಡೆಯ ಭಕ್ತಿಗೀತೆಗಳು. ಸದರ್ನ್ ಗಾಸ್ಪೆಲ್ ಎನ್ನುತ್ತಿದ್ದರು. ಹಿಂದೊಮ್ಮೆ ಅಮೆರಿಕದ ಫೋರ್‌ಮನ್ ಒಬ್ಬ ಊರಿಗೆ ಹೋಗುವಾಗ ಒಂದು ಪೆಟ್ಟಿಗೆ ಸಿಡಿ ಕೊಟ್ಟುಹೋಗಿದ್ದನಂತೆ. ಆಮೇಲೆ ಇವರೇ ತರಿಸಿಕೊಂಡು ತರಿಸಿಕೊಂಡು ಗೋಡೆಯ ಸ್ಟ್ಯಾಂಡು ತುಂಬಿಸಿದ್ದರು. ಅಲ್ಲಿ ಮೇಲಿನಿಂದ ಕೆಳಕ್ಕೆ ಅವರ ಮೆಚ್ಚಿಕೆಯ ಕ್ರಮ. ಹಾಡುಗಾರರ ಹೆಸರು ನನಗೆ ತಿಳಿಯುತ್ತಿರಲಿಲ್ಲವಾದ್ದರಿಂದ ಮುಖಪುಟದ ಚಿತ್ರದ ಮೇಲೇ ನಮ್ಮ ಮಾತು. ನೀಲಿ ಕೋಟಿನ ನಾಲ್ವರು ಯಾವಾಗಲೂ ಮೊದಲು. ಹೊಳೆ ದಂಡೆಯ ನಾಲ್ವರು ಎರಡನೆಯವರು, ಪಿಯಾನೊ ಸ್ವಲ್ಪ ಜಾಸ್ತಿಯಾಯಿತೆಂದು. ಮೂವರೇ ಹಾಡಿದ ಟ್ರಿಯೊ ಆಲ್ಬಮ್‌ಗಳೆಲ್ಲ ತಳದಲ್ಲಿ.

"ಬೇಸ್ ಇಲ್ಲದ್ದು ಎಂತ ಹಾಡು ಮಾರಾಯ್ತಿ? ಗಾಳಿಗೆ ಹಾರಿ ಹೋಗ್ತದೆ" ಎನ್ನುತ್ತಿದ್ದರು.

ನನಗೋ ಒಬ್ಬ ಹೆಂಗಸು, ಇಬ್ಬರು ಗಂಡಸರು ಹಾಡಿದ ಟ್ರಿಯೊ ಒಂದು ಬಹಳ ಇಷ್ಟ. ವಾದ ಮಾಡಿ ಮಾಡಿ ಅದನ್ನು ಒಂದು ಮೆಟ್ಟಿಲು ಮೇಲೆ ಹತ್ತಿಸುತ್ತಿದ್ದೆ. ಮುಂದಿನ ವಾರ ಹೋಗಿ ನೋಡಿದರೆ ಅದು ಮತ್ತೆ ತಳದಲ್ಲಿ. ಆಂಟಿ ಅಡುಗೆಮನೆಯಿಂದಲೇ ನಗುತ್ತಿದ್ದರು.

ಒಂದು ಚಳಿಗಾಲ ಅವರ ದನಿ ಒಡೆಯಿತು. ಏಸಿಯ ಗಾಳಿ, ಧೂಳು ಎಂದುಕೊಂಡೆವು. ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯದೆ ದಾರಿ ಇರಲಿಲ್ಲ. ಆಸ್ಪತ್ರೆಯಿಂದ ಬಂದವರ ಕೊರಳಲ್ಲಿ ಉಸಿರಾಡಲು ಒಂದು ರಂಧ್ರ, ಅದರ ಮೇಲೆ ತೆಳು ಬಿಳಿ ಬಟ್ಟೆ. ಅಷ್ಟು ದೊಡ್ಡ ದನಿಯಿದ್ದ ಮನೆಯಲ್ಲಿ ಉಸಿರಿನ ಸುಯ್‌ಗುಟ್ಟುವಿಕೆಯೊಂದೇ...

ಮೂವರು ಗೆಳೆಯರೂ ಹಾಡುವುದನ್ನು ನಿಲ್ಲಿಸಿದ್ದರು. ನೋಡಲು ಬಂದ ದಿನ ನಾನೂ ಅಲ್ಲಿದ್ದೆ. ಅವರಲ್ಲಿ ಹಿರಿಯರಾದವರು, "ನೀನಿಲ್ಲದೆ ನಾವು ಹಾಡುವುದಿಲ್ಲ. ಆಯ್ತು, ಬಿಟ್ಟುಬಿಟ್ಟೆವು" ಎಂದರು. ಅಂಕಲ್ ನಿಧಾನಕ್ಕೆ ಎದ್ದು ಹೋಗಿ ಸ್ಟ್ಯಾಂಡಿನ ತಳದಿಂದ ನನ್ನ ಮೆಚ್ಚಿನ ಟ್ರಿಯೊ ಎಳೆದರು. ನೀಲಿ ಕೋಟಿನವರನ್ನು ಕೆಳಗಿಳಿಸಿ ಅದನ್ನು ಎಲ್ಲಕ್ಕಿಂತ ಮೇಲಿಟ್ಟರು.

"ಮೂವರೇ ಹಾಡಿ ಅಂತ ಹೇಳ್ತಿದ್ದಾರೆ" ಎಂದರು ಆಂಟಿ.

ಆ ಶುಕ್ರವಾರ ಚರ್ಚಿನಲ್ಲಿ ಮೂವರೇ ಹಾಡಿದರು. ಅಂಕಲ್ ಮುಂದಿನ ಸಾಲಿನಲ್ಲಿ ಕುಳಿತಿದ್ದರು, ನಾನು ಆಂಟಿಯ ಪಕ್ಕ. ಮುಗಿದ ಮೇಲೆ ಪರಿಚಯದ ಹೆಂಗಸೊಬ್ಬರು ಸಮಾಧಾನ ಹೇಳುವಂತೆ ಅಂಕಲ್ ಕೈಹಿಡಿದು, "ಎಂತ ಚಂದ ಆಯ್ತಲ್ಲ! ಒಂದು ಚೂರೂ ಕಡಿಮೆ ಅನ್ನಿಸ್ಲಿಲ್ಲ" ಎಂದರು. ಅಂಕಲ್ ನಕ್ಕು ತಲೆಯಾಡಿಸಿದರು.

ಆ ದಿನದಿಂದ ಆ ಮನೆಯಲ್ಲಿ ಪ್ಲೇಯರ್ ಹಾಕಿದ್ದು ನಾನು ಕೇಳಲಿಲ್ಲ. ಆಂಟಿ ಮೆಲ್ಲಗೆ ಹಾಕಲು ಹೋದರೆ ಅಂಕಲ್ ಕೈಯೆತ್ತಿ ಬೇಡವೆನ್ನುತ್ತಿದ್ದರಂತೆ. ಸ್ವಲ್ಪ ಸಮಯದಲ್ಲೇ ಕಂಪನಿ ವೀಸಾ ಕ್ಯಾನ್ಸಲ್ ಮಾಡಿತು. "ಇಲ್ಲಿಯದ್ದು ಖಲಾಸ್ ಆಯ್ತು ಮಗಾ" ಎಂದು ಆಂಟಿ ಪಾತ್ರೆಗಳನ್ನು ನನಗೆ ಕೊಟ್ಟರು. ಸಿಡಿಗಳನ್ನು ಅಂಕಲ್ ಚರ್ಚಿನವರಿಗೆ ಕೊಟ್ಟುಬಿಟ್ಟರು, ಒಂದನ್ನೂ ಉಳಿಸಿಕೊಳ್ಳದೆ. ಊರಿಗೆ ಹೋದ ವರ್ಷವೇ ಅವರು ತೀರಿಕೊಂಡರು.

ಜೇಷ್ಠಮಧು ಕೊಂಡ ಸಂಜೆ ಆಂಟಿಗೆ ಫೋನ್ ಮಾಡಿದೆ. ಮಾತಿನ ನಡುವೆ, "ಅವರ ಹಾಡು ಎಲ್ಲಾದರೂ ಇದೆಯಾ ಆಂಟಿ?" ಎಂದು ಕೇಳಿದೆ.

"ಒಂದು ವಿಡಿಯೊ ಉಂಟು. ಯಾರೋ ಮೊಬೈಲಲ್ಲಿ ತೆಗೆದದ್ದು. ಕಳಿಸ್ತೇನೆ, ನೋಡು" ಎಂದರು.

ನೋಡಿದೆ. ಚರ್ಚಿನ ಹಾಲ್, ನಾಲ್ವರು ಸಾಲಾಗಿ ನಿಂತಿದ್ದಾರೆ. ಬಲಗಡೆಯ ಕೊನೆಯಲ್ಲಿ ಅಂಕಲ್, ಗದ್ದ ಎದೆಗೊತ್ತಿ, ಕಣ್ಣು ಮುಚ್ಚಿ ಹಾಡುತ್ತಿದ್ದಾರೆ. ಮಿಕ್ಕ ಮೂವರ ದನಿ ಸ್ಪಷ್ಟವಾಗಿದೆ. ಇಯರ್‌ಫೋನ್ ಹಾಕಿಕೊಂಡೆ, ಟಿವಿಯ ದೊಡ್ಡ ಸ್ಪೀಕರಿಗೂ ಕೊಟ್ಟು ನೋಡಿದೆ. ಆ ಅಗ್ಗದ ಮೊಬೈಲ್ ಅಷ್ಟು ಕೆಳಗಿನ ದನಿಯನ್ನು ಹಿಡಿದೇ ಇಲ್ಲ. ಅಂಕಲ್ ತುಟಿಗಳು ಆಡುತ್ತವೆ. ಕೇಳುವುದು ಮೂವರದು ಮಾತ್ರ.