ಔರಾದದ ಮೇಲೆ ಸುರಿದ ಹೆಚ್ಚಿನ ಮಳೆ

ನನ್ನ ಲೆಕ್ಕದಲ್ಲಿ ತಪ್ಪಿಲ್ಲ ಎಂದು ಮೊದಲ ದಿನವೇ ಹೇಳಿದ್ದೆ. ಜಂಬ ಅನ್ನಿ, ಹಟ ಅನ್ನಿ, ಆ ಮಾತನ್ನು ಇವತ್ತಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಇಡೀ ಭೂಮಿಯ ಹವಾಮಾನವನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡುವ ಮಾದರಿಯೊಂದರ ಮೇಲೆ ನನ್ನ ಕೆಲಸ. ಈ ಗಳಿಗೆ ಗಾಳಿ ಹೀಗೆ ಬೀಸಿದರೆ ಮುಂದಿನ ಗಳಿಗೆ ಹೇಗೆ ಬೀಸುತ್ತದೆ ಎಂದು ಸಮೀಕರಣ ಬಿಡಿಸುತ್ತ ಹೋಗುವ ಭಾಗಕ್ಕೆ ನಾವು ಸಾಲ್ವರ್ ಅನ್ನುತ್ತೇವೆ. ಹಳೆಯ ಸಾಲ್ವರ್ ಬಲು ನಿಧಾನ. ಭೂಮಿಯನ್ನು ಸಣ್ಣ ಸಣ್ಣ ಚೌಕಗಳಾಗಿ ಮಾಡಿ ಈ ಶತಮಾನದ ಕೊನೆಯವರೆಗೆ ಲೆಕ್ಕ ನಡೆಸಬೇಕೆಂದರೆ ವರ್ಷಗಟ್ಟಲೆ ಕಾಯಬೇಕಿತ್ತು. ಹೀಗಾಗಿ ಅದನ್ನು ಯಾರೂ ಶುರು ಮಾಡಿರಲೇ ಇಲ್ಲ. ನಾನು ಬರೆದ ಹೊಸ ಸಾಲ್ವರಿಗೆ ಕೆಲವೇ ತಿಂಗಳು ಸಾಕು. ಆದರೆ ಬೇಗ ಓಡಿದರಾಯಿತೇ? ಉತ್ತರವನ್ನು ನಂಬುವಂತಿರಬೇಕು. ಕಳೆದುಹೋದ ವರ್ಷಗಳ ಹವಾಮಾನವನ್ನು ಅದರಲ್ಲಿ ನಡೆಸಿ, ನಿಜವಾಗಿ ಬಿದ್ದ ಮಳೆಯ ಜೊತೆ ಹೋಲಿಸಿ ತೋರಿಸಬೇಕಿತ್ತು.

ಸಾಗರ, ಧ್ರುವ, ಮರುಭೂಮಿ ಎಲ್ಲ ಸರಿಬಂದವು. ಎಡವಿದ್ದು ದಖ್ಖನ್ನಿನ ಬಯಲಿನ ಮೇಲೆ. ಅದರಲ್ಲೂ ನನ್ನ ತವರು ಔರಾದ ಇರುವ ಚೌಕದಲ್ಲಿ ನನ್ನ ಸಾಲ್ವರ್ ನಿಜಕ್ಕಿಂತ ಎಷ್ಟೋ ಹೆಚ್ಚು ಮಳೆ ಸುರಿಸಿತ್ತು. ಹಳೆಯದು ಹೆಚ್ಚೂಕಡಿಮೆ ಸರಿಯಾಗಿಯೇ ತೋರಿಸುತ್ತಿತ್ತು. ಔರಾದದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಅಣ್ಣನಿಗೆ ಫೋನಿನಲ್ಲಿ ಗೋಳು ಹೇಳಿಕೊಂಡರೆ ಅವನು ನಕ್ಕ.

“ತವರುಮನಿ ಮ್ಯಾಲ ಎಷ್ಟ್ ಪ್ರೀತಿ ಅದ ನೋಡು ನಿನಗ! ಅಂಗಡ್ಯಾಗ ಛತ್ರಿ ತರಿಸಿ ಇಡ್ಲೇನು?”

ನನಗೆ ನಗು ಬರಲಿಲ್ಲ. ಚಿದ್ರಿಯಲ್ಲಿರುವ ಗಂಡನ ಮನೆಯಿಂದಲೇ ಲ್ಯಾಪ್‌ಟಾಪಿನಲ್ಲಿ ಮೀಟಿಂಗಿಗೆ ಕೂತೆ. ಗಾಳಿಯ ಲೆಕ್ಕ ಸರಿಯಿದೆ, ತೊಂದರೆ ಬೇರೆಲ್ಲೋ ಇದೆ ಅಂದೆ. ಸಹೋದ್ಯೋಗಿಯೊಬ್ಬ ತಟ್ಟನೆ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಅಂದ. ಎಲ್ಲರೂ ನಕ್ಕರು. ಮುಂದಿನ ಮೀಟಿಂಗಿನೊಳಗೆ ಮಳೆ ಸರಿಬರದಿದ್ದರೆ ಹೊಸ ಸಾಲ್ವರನ್ನು ಬದಿಗಿಡುವುದೆಂದು ಮುಖ್ಯಸ್ಥರು ಹೇಳಿಬಿಟ್ಟರು. ನಾನು ಲ್ಯಾಪ್‌ಟಾಪನ್ನು ಧಡ್ ಎಂದು ಮುಚ್ಚಿದೆ. ಒಳಗಿನಿಂದ ಅತ್ತೆಯ ದನಿ ಬಂತು: “ಯಾರ ಮ್ಯಾಲಿನ ಸಿಟ್ಟವಾ ಅದು? ಆ ಡಬ್ಬಿ ಏನ್ ಪಾಪ ಮಾಡ್ಯದ?”

ನೆಲ ಡೊಂಕಿದೆಯೋ ಇಲ್ಲವೋ, ಅದನ್ನು ಹಾಕಿದವರನ್ನೇ ಕೇಳಿಬಿಡೋಣ ಎಂದು ಮರುದಿನ ರೈಲು ಹತ್ತಿ ಭಾಲ್ಕಿಗೆ ಹೋದೆ. ಹಳೆಯ ಸಾಲ್ವರನ್ನೂ ಮೋಡ ಯಾವಾಗ ಮಳೆಯಾಗಬೇಕೆಂದು ನಿರ್ಧರಿಸುವ ಭಾಗವನ್ನೂ ಬರೆದ ಹಿರಿಯರು ನಿವೃತ್ತರಾಗಿ ಅಲ್ಲಿದ್ದರು. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಕನ್ನಡ. ನನಗೆ ಈ ಕೆಲಸ ಕಲಿಸಿದವರೂ ಅವರೇ. ಅವರ ಹೆಂಡತಿ ತಟ್ಟೆಯಲ್ಲಿ ಮಂಡಕ್ಕಿ ಸುಸಲಾ ತಂದಿಟ್ಟರು. ಸರ್ ತಟ್ಟೆ ಮುಟ್ಟದೆ ನನ್ನ ನಕ್ಷೆಗಳನ್ನು ನೋಡಿದರು. ನೋಡಿ ನೋಡಿ ನಗತೊಡಗಿದರು.

“ನಿನ್ನ ಗಾಳಿ ಬರೋಬ್ಬರಿ ಅದ ಬೇಟಾ. ಮಳಿ ನಂದು.”

“ಅಂದ್ರ ಹ್ಯಾಂಗ್ರಿ ಸರ್?”

“ನನ್ನ ಹಳಿ ಸಾಲ್ವರ್ ಗಾಳಿನ ತೀಡಿ ತೀಡಿ ಮೆತ್ತಗ ಮಾಡ್ತಿತ್ತು. ಮೋಡ ಜೋರಾಗಿ ಏಳ್ತಿದ್ದಿಲ್ಲ. ನಮ್ಮ ಕಡಿ ಮಳಿ ಕಡಿಮಿ ತೋರಸ್ತಿತ್ತು. ಅದಕ್ಕ ಮಳಿ ಭಾಗದಾಗ ಈ ಬಯಲಿಗಂತ ಒಂದು ಅಂಕಿ ಹೆಚ್ಚಿಗಿ ಹಾಕಿ ಸರಿದೂಗಿಸಿದ್ದೆ. ಖಾರದಪುಡಿ ಸಪ್ಪಗಿದ್ದಾಗ ಈಕಿ ಎರಡು ಚಮಚಿ ಹೆಚ್ಚಿಗಿ ಹಾಕ್ತಾಳ ನೋಡು, ಹಂಗ. ಈಗ ನೀ ಚಲೋ ಖಾರಾ ತಂದೀದಿ, ಚಮಚಿ ಲೆಕ್ಕ ಮಾತ್ರ ಹಳೇದೇ ಅದ.”

“ನಡುವ ನನ್ನ ಅಡಗಿ ಯಾಕ್ರಿ?” ಎಂದು ಅವರ ಹೆಂಡತಿ ಗದರಿದರು.

ನನಗೆ ಖುಷಿಯೂ ಉಕ್ಕಿತು, ಸಿಟ್ಟೂ ಉಕ್ಕಿತು. “ಇದನ್ನ ಯಾರಿಗಾದ್ರೂ ಹೇಳಬೇಕಿತ್ತಲ್ರಿ ಸರ್! ನನ್ನ ಮರ್ಯಾದಿ ಹರಾಜಾಗ್ಲಿಕತ್ತದ ಅಲ್ಲಿ!”

“ಯಾರ್ ಕೇಳ್ಯಾರ? ನೀನೇ ಮೊದಲು ಬಂದೀದಿ. ಆ ಅಂಕಿ ತೆಗದುಬಿಡು.”

ಅಷ್ಟು ಸಲೀಸಾಗಿ ಹೇಳುತ್ತಾರೆಂದು ನಾನು ಎಣಿಸಿರಲಿಲ್ಲ. ದಖ್ಖನ್ನಿನ ಮಳೆಯನ್ನು ಸರಿಯಾಗಿ ತೋರಿಸುತ್ತದೆ ಎಂದು ನಮ್ಮ ಮಾದರಿಗೆ ಹೆಸರು ಬಂದದ್ದೇ ಆ ಅಂಕಿಯಿಂದ. ಅವರ ಅರ್ಧ ನೌಕರಿ ಅದನ್ನು ಹುಡುಕುವುದರಲ್ಲೇ ಕಳೆದಿತ್ತು. ಬೇಕಾದರೆ ಸ್ವಲ್ಪ ಇಳಿಸುತ್ತೇನೆ ಸರ್, ಪೂರ್ತಿ ಯಾಕೆ ಎಂದೆ. ಅವರು ಮುಖ ಗಂಟು ಹಾಕಿ, “ಮುಲಾಜಿ ನೋಡಿ ಲೆಕ್ಕಾ ಮಾಡ್ತಾರೇನು?” ಅಂದರು.

ಚಿದ್ರಿಗೆ ಬಂದವಳೇ ಅಂಕಿ ತೆಗೆದು ಪರೀಕ್ಷೆಯನ್ನು ಮೊದಲಿನಿಂದ ನಡೆಸಿದೆ. ಬರೀ ಔರಾದ ಸರಿಹೋದರೆ ಸಾಲದು. ನಮ್ಮೂರು ನೆಟ್ಟಗಾಗಿ ಇನ್ಯಾರದೋ ಊರು ಕೆಟ್ಟರೆ ಅದೂ ಮೋಸವೇ. ಅದಕ್ಕೇ ಭೂಮಿಯ ಎಲ್ಲ ಚೌಕಗಳನ್ನೂ, ಮೊದಲು ನೋಡದೆ ಬಿಟ್ಟಿದ್ದ ವರ್ಷಗಳನ್ನೂ ತೆಗೆದುಕೊಂಡೆ. ಔರಾದದ ಮಳೆ ಅಳತೆಗೆ ಬಂತು. ಬೇರೆಲ್ಲೂ ಏನೂ ಕೆಡಲಿಲ್ಲ. ಮುಂದಿನ ಮೀಟಿಂಗಿನಲ್ಲಿ ಗಾದೆ ಹೇಳಿದವನು ಎಲ್ಲರಿಗಿಂತ ಮೊದಲು ಒಪ್ಪಿದ. ನಾನೂ ಸುಮ್ಮನಿರದೆ, ನೆಲಕ್ಕೆ ಮಟ್ಟ ಹಿಡಿದು ನೋಡಿದ್ದೀರಾ ಸಾಹೇಬರೇ ಎಂದು ಕೇಳಿಯೇಬಿಟ್ಟೆ.

ಕೂಡಲೇ ಭಾಲ್ಕಿಗೆ ಫೋನು ಮಾಡಿದೆ. “ಸರ್, ಪಾಸಾತ್ರಿ!”

ಅವರು ಔರಾದದ ಮಳೆಯನ್ನು ಕೇಳಲಿಲ್ಲ, ತಮ್ಮ ಅಂಕಿಯನ್ನೂ ಕೇಳಲಿಲ್ಲ. “ಶತಮಾನದ ಲೆಕ್ಕ ಇಟ್ರ ಯಾವಾಗ ಮುಗೀತದ?” ಅಂದರು.

“ಮುಂದಿನ ಮಳಿಗಾಲದ ಒಳಗ ಮುಗೀತದ್ರಿ.”

ಅವರು ಮೆಲ್ಲಗೆ ಹೇಳಿದರು: “ನೌಕರಿ ಸೇರಿದಾಗಿಂದ ಅದೊಂದು ನೋಡಬೇಕಂತ ಇತ್ತು. ಈ ವಯಸ್ಸಿಗೆ ಇನ್ನೇನು, ನನ್ನ ಕಾಲಕ್ಕ ಆಗಂಗಿಲ್ಲಂತ ಬಿಟ್ಟಿದ್ದೆ. ಹಂಗಾದ್ರ ನಾನೂ ನೋಡ್ತೇನಿ, ಅಲ್ಲಾ ಬೇಟಾ?”

ಬೇಗ, ಬೇಗ ಎಂದು ಇಷ್ಟು ವರ್ಷ ಬಡಿದಾಡಿದ್ದು ಯಾರಿಗಾಗಿ ಎಂದು ನಾನು ಯೋಚಿಸಿಯೇ ಇರಲಿಲ್ಲ. ಅಳು ಬಂತು. “ಹೂಂನ್ರಿ ಸರ್, ನೋಡ್ತೀರಿ” ಅಂದೆ. ಆ ಸಂಜೆಯೇ ಲೆಕ್ಕ ಶುರು ಮಾಡಿದೆ.