ಅಣ್ಣಮ್ಮನ ಜೀರುಂಡೆಗಳಿಗೆ ಅಂಗಳ ಬೇಡ

ಕೆ.ಆರ್. ಪುರದ ಆಚೆ, ಕೆರೆಯಂಚಿನ ಹೊಂಗೆಮರದ ಕೆಳಗೆ ಇನ್ನೂ ಮಬ್ಬು. ಅಣ್ಣಮ್ಮ ಸೆರಗನ್ನು ಮೂಗಿಗೆ ಕಟ್ಟಿಕೊಂಡು ತಂತಿಬಲೆಯ ಪಂಜರದ ಮುಂದೆ ಕಾಲು ಚಾಚಿ ಕೂತಿದ್ದಾರೆ. ಪಂಜರದೊಳಗೆ ಕೊಳೆತ ಕೋಳಿ. ಅದನ್ನು ನಾಯಿ, ಹದ್ದು ಮುಟ್ಟಬಾರದು, ಜೀರುಂಡೆ ಬರಬೇಕು. ಇವತ್ತೂ ಬಾರದಿದ್ದರೆ ಈ ನೆರಳಿನ ಜಾಗವನ್ನು ಕೈಬಿಡುವುದೆಂದು ಕಾಲೇಜಿನವರು ತೀರ್ಮಾನಿಸಿದ್ದಾರೆ. ಜಾಗ ಹೋದರೆ ಅಣ್ಣಮ್ಮನ ಕೆಲಸವೂ ಹೋದಂತೆ.

ಕೆಲಸವೇನೋ ಕೇಳಿದವರು ಮೂಗು ಮುರಿಯುವಂಥದ್ದೇ. ಸತ್ತ ಪ್ರಾಣಿಗೆ ಮೊದಲು ನೊಣ ಮುತ್ತುತ್ತದೆ, ಆಮೇಲೆ ಜೀರುಂಡೆ. ಬಿಸಿಲಿನ ಬಯಲಿಗೆ ಬರುವ ಜಾತಿ ಬೇರೆ, ನೆರಳಿನ ತರಗೆಲೆಯಡಿ ಸಂಸಾರ ಹೂಡುವ ಜಾತಿ ಬೇರೆ. ಎಲ್ಲಿಗೆ, ಯಾವ ಕಾಲದಲ್ಲಿ, ಯಾವುದು ಬರುತ್ತದೆಂದು ತಿಳಿದಿದ್ದರೆ, ಎಲ್ಲೋ ಸಿಕ್ಕ ಹೆಣ ಹೆಚ್ಚುಕಡಿಮೆ ಎಂದಿನದು, ಬೇರೆಡೆಯಿಂದ ತಂದು ಹಾಕಿದ್ದೇ ಎಂದು ಪೊಲೀಸರಿಗೆ ಹೇಳಲು ಒಂದು ಆಧಾರ ಸಿಗುತ್ತದೆ. ಅದನ್ನು ಅಧ್ಯಯನ ಮಾಡುತ್ತಿರುವವರು ಆ ಕಾಲೇಜಿನ ಸಂಶೋಧಕಿ ಬೃಂದಾ. ಪಂಜರ ಕಾಯುವವರು ಅಣ್ಣಮ್ಮ.

ಗಂಡ ತೀರಿಕೊಂಡ ಮೇಲೆ ಇಂದಿರಾನಗರದ ಮನೆಗಳಲ್ಲಿ ಕಸಮುಸುರೆ ಮಾಡುತ್ತಿದ್ದವರು, ಮಂಡಿನೋವು ಶುರುವಾದಾಗ ಮಹಡಿ ಹತ್ತಲಾರದೆ ಇಲ್ಲಿಗೆ ಬಂದರು. ಮಾಂಸ ತರಲು ರಸೆಲ್ ಮಾರುಕಟ್ಟೆಗೆ ಹೋಗುತ್ತಾರೆ. ಬಸ್ಸಿನಲ್ಲಿ ಅವರ ಬಕೆಟ್ ಕಂಡರೆ ಸಾಕು, ಪಕ್ಕದ ಸೀಟು ತಾನಾಗಿ ಖಾಲಿಯಾಗುತ್ತದಂತೆ. ನೋಯುವ ಕಾಲು ಚಾಚಿಕೊಂಡು ಬರುವ ಸುಖ ಅವರದು. ಕೋಳಿ ಅಂಗಡಿಯ ಚಾಂದ್ ಬೀ ಕಾಲೆಳೆಯದೆ ಬಿಡುವುದಿಲ್ಲ: "ಏನ್ ಅಣ್ಣಮ್ಮಕ್ಕಾ, ಅಳಿಯಂದ್ರು ಇನ್ನೂ ಊಟಕ್ಕೆ ಬಂದಿಲ್ವಾ?"

ಅಳಿಯಂದಿರು ಬಾರದ್ದಕ್ಕೆ ಕಾರಣ ಅತ್ತೆಯ ಉಪಚಾರವೇ. ಆಚೆ ಬಯಲಿನಲ್ಲಿಟ್ಟ ಇನ್ನೊಂದು ಪಂಜರಕ್ಕೆ ಜೀರುಂಡೆಗಳು ಬರುತ್ತಿದ್ದವು. ನೆರಳಿನದರ ಸುತ್ತ ಬರೀ ಸಗಣಿ ಹುಳ. ಬೃಂದಾ ತಲೆ ಕೆರೆದುಕೊಂಡರು. ಒಂದು ದಿನ ಬೆಳಕು ಹರಿಯುವ ಮೊದಲೇ ಬಂದು ನೋಡಿದರೆ, ಮರದಡಿ ಒಂದು ತರಗೆಲೆಯಿಲ್ಲ. ಗುಡಿಸಿ, ಸಗಣಿ ನೀರು ಚಿಮುಕಿಸಿ, ಪಂಜರದ ಮುಂದೆ ರಂಗೋಲಿ ಬೇರೆ ಎಳೆದಾಗಿದೆ. ಬಯಲಿನದು ಕಲ್ಲುನೆಲವಾದ್ದರಿಂದ ಬಚಾವಾಗಿತ್ತು.

"ಅಮ್ಮಾ, ದಿನಾ ಹಿಂಗೇ ಮಾಡ್ತೀರಾ?"

"ಮತ್ತೆ? ಬರೋರಿದಾರೆ ಅಂದ್ಮೇಲೆ ಬಾಗ್ಲು ಸಾರಿಸ್ದೆ ಬಿಡಕ್ಕಾಗುತ್ತಾ?"

ಇಬ್ಬರೂ ಅಲ್ಲೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ಗುಡಿಸಬೇಡಿ ಎಂದು ಹೇಳಬೇಕೆಂದು ತನಗೂ ಹೊಳೆದಿರಲಿಲ್ಲ ಎಂದರು ಬೃಂದಾ. ಬೇಲಿಯಾಚೆ ರಾಶಿ ಹಾಕಿದ್ದ ಎಲೆಯನ್ನೆಲ್ಲ ಅಣ್ಣಮ್ಮ ಮಂಕರಿಯಲ್ಲಿ ಹೊತ್ತು ತಂದು ಮತ್ತೆ ಹರಡಿದರು. ಅಂದಿನಿಂದ ದಿನಾ ಬೆಳಿಗ್ಗೆ ಕೈ ಕಟ್ಟಿಕೊಂಡು ಕಾಯುತ್ತಿದ್ದಾರೆ. ಗುಡಿಸದ ನೆಲ ನೋಡಿದರೆ ಕೈ ತಾನಾಗಿ ಪೊರಕೆ ಹುಡುಕುತ್ತದಂತೆ.

ಇವತ್ತು ಬೃಂದಾ ಕೆರೆಯ ಏರಿ ಮೇಲೆ ನಡೆದು ಬರುತ್ತಿದ್ದಾರೆ. ಅಣ್ಣಮ್ಮ ಕಡ್ಡಿಯಿಂದ ಒಂದು ಎಲೆ ಸರಿಸುತ್ತಾರೆ. ಕಪ್ಪಗೆ ಚಪ್ಪಟೆಯಾದ ಜೀರುಂಡೆಯೊಂದು ಓಡಿ ಮಾಂಸದಡಿ ನುಗ್ಗುತ್ತದೆ. ಹಿಂದೆಯೇ ಇನ್ನೊಂದು, ಆಮೇಲೆ ಒಂದು ಹಿಂಡೇ. ಬೃಂದಾ ಮಂಡಿಯೂರಿ ನೋಡಿ, ಅಣ್ಣಮ್ಮನ ಹೆಗಲು ಹಿಡಿದು ಅಲ್ಲಾಡಿಸುತ್ತಾರೆ. ಜಾಗ ಉಳಿಯಿತು.

ಇನ್ನೇನಾಗಬೇಕು ನಿಮಗೆ ಎಂದು ಬೃಂದಾ ಕೇಳಿದರೆ ಅಣ್ಣಮ್ಮ ಸರಿಸಿದ ಎಲೆಯನ್ನು ಕಡ್ಡಿಯಿಂದ ಮತ್ತೆ ಮುಚ್ಚುತ್ತಾರೆ.

"ಮನೆಯವ್ರು ಕಳ್ದೋಗಿರ್ತಾರೆ, ಆಮೇಲೆ ಎಲ್ಲೋ ಹೆಣ ಸಿಗುತ್ತೆ. ಯಾವತ್ತು ಹೋದ್ರು ಅಂತ್ಲೇ ಗೊತ್ತಿರಲ್ಲ, ತಿಥಿ ಯಾವತ್ತು ಮಾಡೋದು? ಈ ಹುಳ ಹೇಳಿ, ಒಂದ್ಮನೇಲಾದ್ರೂ ಸರಿಯಾದ್ ದಿನ ಎಡೆ ಇಟ್ರೆ ಸಾಕು ಕಣವ್ವಾ."