ಮಹಡಿ ಮೇಷ್ಟ್ರ ಪೂರ್ತಿ ಹೆಸರು

ಬೆಳಿಗ್ಗೆ ಮೊಬೈಲು ಬಡಿದುಕೊಂಡಿತು. ಬರೀ ನಂಬರು, ಹೆಸರಿಲ್ಲ. ಏನೋ ಮಾರೋನಿರಬೇಕು ಅಂತ ಕಟ್ ಮಾಡಿದೆ. "ಯಾರು ಅಂತ ಒಂದು ಮಾತು ಕೇಳೋಕೆ ನಿಮಗೇನು ದಾಡಿ?" ಅಂದಳು ಹೆಂಡತಿ. ಹಾಗೆ ಬೈಯೋ ಹಕ್ಕು ಅವಳಿಗಿದೆ. ಯಾಕೆ ಅಂತ ಹೇಳ್ತೀನಿ, ಕೂತ್ಕೊಳ್ಳಿ.

ಎರಡು ಸಾವಿರದ ಇಸವಿಯ ಆಚೀಚೆ ನಾನು ಹಾಸನದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಮೇಷ್ಟ್ರು. ರಂಗಮ್ಮನವರ ಮನೆಯ ಮಹಡಿ ರೂಮಿನಲ್ಲಿ ಬಾಡಿಗೆಗಿದ್ದೆ. ಅರಕಲಗೂಡಿಗೆ ಹೋಗಿ ಒಂದು ಹುಡುಗಿ ನೋಡಿದೆ. ಮನಸ್ಸು ಅಲ್ಲೇ ಬಿಟ್ಟು ಬಂದೆ ಅಂತಲೇ ಅನ್ನಿ. ಅವಳ ಸೋದರಮಾವ ನನ್ನ ವಿಳಾಸ ಹಿಡಿದು ಬಂದು ರಂಗಮ್ಮನವರನ್ನೇ ವಿಚಾರಿಸಿದರಂತೆ.

"ಮಹಡೀಲಿ ಯಾರಿದಾರೆ?"

"ಮೇಷ್ಟ್ರು ಕಣಪ್ಪ."

"ಹೆಸರು?"

"ಎಸ್ರು ಗೊತ್ತಿಲ್ಲ. ನಾವು ಮಹಡಿ ಮೇಷ್ಟ್ರು ಅಂತೀವಿ."

ಮನೆಯವರಿಗೇ ಹೆಸರು ಗೊತ್ತಿಲ್ಲದ ಗಂಡು ಎಂಥವನೋ, ಬೇಡ ಅಂತ ಅರಕಲಗೂಡಿನಿಂದ ಸುದ್ದಿ ಬಂತು. ಊಟ ಸೇರಲಿಲ್ಲ ಕಣ್ರೀ.

ಅದೇ ವಾರ, ನಾನು ಮೀಸೆ ತಿರುವಿಕೊಂಡು ಕೂರಿಸಿದ್ದ ಕಾಲೇಜಿನ ಇ-ಮೇಲ್ ಸರ್ವರಿನಿಂದ ಹೋದ ಪತ್ರಗಳೂ ವಾಪಸ್ ಬರತೊಡಗಿದವು. ಇಂಟರ್ನೆಟ್ಟಿನಲ್ಲಿ ಪ್ರತಿ ಯಂತ್ರಕ್ಕೂ ಒಂದು ನಂಬರು. ಹೆಸರು ಕೇಳಿದರೆ ನಂಬರು ಹೇಳುವ ವ್ಯವಸ್ಥೆಗೆ ಡಿಎನ್‌ಎಸ್ ಅಂತಾರೆ. ಅಲ್ಲಿ ಕಾಲೇಜಿನ ಹೆಸರು ನಾನೇ ಬರೆಸಿದ್ದೆ. ಪತ್ರ ತೆಗೆದುಕೊಳ್ಳುವ ಆ ಕಡೆಯ ಸರ್ವರು ಮಾತ್ರ ತಿರುಗಿಸಿ ಕೇಳುತ್ತಿತ್ತು: ಈ ನಂಬರು ಯಾರದು? ಇದೇ ರಿವರ್ಸ್ ಲುಕಪ್. ಸಿಕ್ಕ ಹೆಸರನ್ನು ಮತ್ತೆ ನೆಟ್ಟಗೆ ಕೇಳಿ ಅದೇ ನಂಬರು ಬಂದರೆ ನಂಬಿಕೆ, ಇಲ್ಲದಿದ್ದರೆ ಕಳ್ಳಪತ್ರ ಅಂತ ಅನುಮಾನ. ತಮಾಷೆ ಅಂದರೆ, ಉತ್ತರ ಕೊಡಬೇಕಾದವರು ನಾವಲ್ಲ, ನಮಗೆ ನಂಬರು ಕೊಟ್ಟ ಇಂಟರ್ನೆಟ್ ಲೈನಿನವರು. ಅವರ ಹತ್ತಿರ ನಮ್ಮ ಹೆಸರೇ ಇರಲಿಲ್ಲ.

ನನ್ನ ಬುದ್ಧಿಗಿಷ್ಟು ಮಣ್ಣು ಹಾಕ! ರೂಮು ಕೊಟ್ಟ ರಂಗಮ್ಮನ ಹತ್ತಿರವೂ ನನ್ನ ಹೆಸರಿರಲಿಲ್ಲವಲ್ಲ. ಲೈನಿನವರಿಗೆ ಫೋನು ಮಾಡಿ ಹೆಸರು ಸೇರಿಸಿ ಅಂದೆ. ಸಂಜೆ ರಂಗಮ್ಮನ ಎದುರು ಕೂತು ನನ್ನ ಹೆಸರು, ಅಪ್ಪನ ಹೆಸರು, ಊರು ಹಳ್ಳಿಮೈಸೂರು ಅಂತ ಎಲ್ಲ ಒಪ್ಪಿಸಿದೆ, ಅರಕಲಗೂಡಿನ ಸುದ್ದಿಯನ್ನೂ.

"ಇಷ್ಟ್ ದಿನ ಬಾಯಿಗೇನ್ ಬೀಗ ಆಕಿದ್ರಾ?" ಅಂತ ಬೈದು, ಮಾರನೇ ದಿನ ಅರಕಲಗೂಡಿನ ಬಸ್ಸು ಹತ್ತಿದರು ಮಹಾತಾಯಿ. "ಅವ್ರು ನಮ್ ಮನೇಲೇ ಇರೋದು, ನಾನ್ ಯೋಳ್ತೀನಲ್ಲ" ಅಂದರಂತೆ ಆ ಸೋದರಮಾವನಿಗೆ.

ಕಾಲೇಜಿನ ಪತ್ರಗಳು ಹೋಗಬೇಕಾದಲ್ಲಿಗೆ ಹೋದವು. ಹುಡುಗಿಯೂ ಬಂದಳು, ಈಗ ಬೈದಳಲ್ಲ, ಅವಳೇ.

ಕಟ್ ಮಾಡಿದ್ದ ನಂಬರಿಗೆ ಫೋನು ಮಾಡಿದೆ. "ಯಾರು ಮಾತಾಡೋದು?"

ಆ ಕಡೆಯಿಂದ ಇನಿಷಿಯಲ್ ಸಮೇತ ನನ್ನ ಪೂರ್ತಿ ಹೆಸರು. ಆಮೇಲೆ ನಗು. "ಮೊಮ್ಮಗ ಒಸ ಫೋನ್ ಕೊಡ್ಸವ್ನೆ. ಈಗ ನಾನ್ಯಾರು, ನೀವ್ ಯೋಳಿ ಮೇಷ್ಟ್ರೇ."

"ರಂಗಮ್ಮನವರು!" ಅಂದೆ. ಫೋನಿಟ್ಟವನು ಮೊದಲು ಆ ನಂಬರಿಗೆ ಹೆಸರು ಹಾಕಿದೆ.